ರಾಣಿ ಬಣ್ಣದ ಕಾರಿಗೆ ಗಿರಾಕಿ ಬೇಕು

ಸೆಕೆಂಡ್ ಹ್ಯಾಂಡ್ ಗಾಡಿಗಳ ದಲ್ಲಾಳಿಯಾದವನಿಗೆ ನಗೆಪಾಟಲಾಗುವ ಅವಕಾಶಗಳು ಎಂದೂ ತಪ್ಪುವುದಿಲ್ಲ. ನನ್ನ ಪಾಲಿಗೆ ಬಂದವುಗಳಲ್ಲಿ ಹೆಚ್ಚಿನವು ಒಂದೇ ಕಾರಿನಲ್ಲಿ ಕೂತು ಬಂದವು.

ಎಂಬತ್ತರ ದಶಕದ ಆರಂಭವಿರಬೇಕು. ಘಟ್ಟದ ಕಡೆಯ ಎಸ್ಟೇಟ್ ಮಾಲೀಕರೊಬ್ಬರಿಂದ ಒಂದು ಸ್ಪೋರ್ಟ್ಸ್ ಕಾರು ತಂದೆ. ಎರಡೇ ಬಾಗಿಲು, ಮಡಚಿಡುವ ಕ್ಯಾನ್ವಾಸ್ ಛಾವಣಿ, ಒಳ್ಳೇ ಇಂಜಿನ್. ಅಷ್ಟು ಅಗ್ಗಕ್ಕೆ ಯಾಕೆ ಕೊಟ್ಟರು ಅಂತ ನಮ್ಮ ಚನ್ನಗಿರಿಗೆ ತಂದು ನಿಲ್ಲಿಸಿ ಜನ ನಕ್ಕಾಗ ತಿಳಿಯಿತು. ಹೆಣ್ಣುಮಕ್ಕಳು ಸೀರೆಗೆ ರಾಣಿ ಬಣ್ಣ ಅಂತಾರಲ್ಲ, ಆ ಕಡುಗುಲಾಬಿ ಬಣ್ಣದ ಕಾರು ಅದು. ಬೇರೆ ಬಣ್ಣ ಹೊಡೆಸೋಣ ಅಂದರೆ, ಹೊಸ ಪೇಂಟು ಕಂಡ ಕೂಡಲೇ ಗಿರಾಕಿ "ಎಲ್ಲಿ ಗುದ್ದಿಸಿದ್ರಿ?" ಅಂತ ಕೇಳುತ್ತಾನೆ.

ನಮ್ಮ ಮಾವನವರು ಬಂದು ಕಾರನ್ನು ನೋಡಿದರು, ನನ್ನನ್ನು ನೋಡಿದರು. "ಯುಗಾದಿ ಒಳಗೆ ಇದನ್ನ ಮಾರ್ರಿ. ಆಗ್ಲಿಲ್ಲ ಅಂದ್ರೆ ಈ ದಲ್ಲಾಳಿ ಕೆಲ್ಸ ಬಿಟ್ಟು ನಮ್ಮ ಅಂಗಡ್ಯಾಗೆ ಬೆಲ್ಲ ತೂಗಾಕೆ ಬರ್ರಿ" ಅಂದರು. ಹೆಂಡತಿಯ ಎದುರಿಗೇ ಹೂಂ ಅಂದುಬಿಟ್ಟೆ. ಬೆಲ್ಲದ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ದಿನವಿಡೀ ಮಾವನ ಕಣ್ಣೆದುರು ಕೂರುವುದು ನನ್ನಿಂದಾಗದ ಕೆಲಸ.

ಹೊನ್ನಾಳಿಯ ವಕೀಲರು

ವಕೀಲರಿಗೆ ಕಾರು ಹಿಡಿಸಿತು. ಕೋರ್ಟಿಗೆ ಹೊರಟವರು ಕರಿ ಕೋಟಿನಲ್ಲೇ ಬಂದು ಪಕ್ಕದಲ್ಲಿ ಕೂತರು. ಸೆಕೆ ಅಂತ ಛಾವಣಿ ಮಡಚಿ ಪೇಟೆಯಲ್ಲಿ ಒಂದು ಸುತ್ತು ಹೊರಟೆವು. ಆಗ ಇಂಥ ಬಣ್ಣ ಬಳಿದುಕೊಂಡು ಊರೂರು ತಿರುಗುತ್ತಿದ್ದದ್ದು ಟೂರಿಂಗ್ ಟಾಕೀಸಿನ ಪ್ರಚಾರದ ಗಾಡಿ ಮಾತ್ರ. ಹಿಂದೆ ಜನ ಓಡಿಬಂದರು. "ಯಾವ ಪಿಚ್ಚರ್ ಬಂದೈತ್ರೀ? ಒಂದು ಕರಪತ್ರ ಕೊಡ್ರಿ!"

ಗುಂಪು ದಾರಿಗಡ್ಡ ನಿಂತಿತು. ಒಬ್ಬ ಅಜ್ಜಿ ವಕೀಲರನ್ನು ದಿಟ್ಟಿಸಿ, "ಇವ್ರು ಹೀರೋನಾ?" ಅಂದಳು.

"ಹೀರೋ ಎಲ್ಲಿ ಅಜ್ಜೀ, ಕರಿ ಕೋಟು ಹಾಕ್ಯಾರೆ. ವಿಲನ್ನು ಇರ್ಬೇಕು" ಅಂದ ಪಕ್ಕದವನು.

ವಕೀಲರು ಇಳಿದು ಕೋರ್ಟಿನ ಕಡೆ ನಡೆದರು. ಅಜ್ಜಿಗೆ ಇನ್ನೊಂದು ಅನುಮಾನ ಉಳಿದಿತ್ತು. ನನ್ನನ್ನು ಕೇಳಿದಳು: "ಹಂಗಾದ್ರೆ ಇವ್ರು ಸಾಯೋದು ಇಂಟರ್ವಲ್ಲಿಗೆ ಮುಂಚೇನಾ, ಆಮ್ಯಾಕಾ?"

ನ್ಯಾಮತಿಯ ಜವಳಿ ವ್ಯಾಪಾರಿ

ಇಂಜಿನ್ ಚೆನ್ನಾಗಿದ್ದರೂ ಬಣ್ಣವೊಂದರಿಂದ ಬೆಲೆ ಹೇಗೆ ಬೀಳುತ್ತದೆ ಅನ್ನುವ ಕುತೂಹಲ ನನಗೆ ಹತ್ತಿಕೊಂಡದ್ದು ಆವಾಗಲೇ. ಬಣ್ಣದ ಬಗ್ಗೆ ತಿಳಿದವರನ್ನೇ ಕೇಳೋಣ ಅಂತ ನ್ಯಾಮತಿಯ ಜವಳಿ ಅಂಗಡಿಗೆ ಹೋದೆ.

ವ್ಯಾಪಾರಿ ಬಾನೆಟ್ ಎತ್ತಲಿಲ್ಲ, ಟೈರು ಒದೆಯಲಿಲ್ಲ. ಬಿಳಿ ಕರ್ಚೀಫನ್ನು ನೀರಲ್ಲಿ ಅದ್ದಿ, ಸೀರೆಯ ಸೆರಗು ತಿಕ್ಕುವ ಹಾಗೆ ಕಾರಿನ ಬಾಗಿಲನ್ನು ತಿಕ್ಕಿದರು. ನಾನು ಸವಳಂಗದ ಮೇಲೆ ಹಾದು ಮಣ್ಣಿನ ರಸ್ತೆಯಲ್ಲಿ ಬಂದಿದ್ದೆ. ಕರ್ಚೀಫು ಕೆಂಪಗಾಯಿತು.

"ನೋಡಿದ್ರಾ? ರಾಣಿ ಬಣ್ಣ ಯಾವತ್ತಿದ್ರೂ ಬಿಡ್ತೈತೆ."

"ಅದು ಧೂಳು ಸ್ವಾಮಿ" ಅಂದೆ.

"ಎಲ್ಲಾ ಮಿಲ್ಲಿನೋರೂ ಮೊದಲು ಹಂಗೇ ಅಂತಾರೆ" ಅಂತ ಕರ್ಚೀಫು ಹಿಂಡಿದರು. ಆಮೇಲೆ ಕರುಣೆಯಿಂದ ನನ್ನ ಬೆನ್ನು ತಟ್ಟಿದರು. "ಬ್ಯಾಸರ ಮಾಡ್ಕಬ್ಯಾಡ್ರಿ. ಎರಡು ಮಳೆಗಾಲ ಹೊರಗೆ ನಿಲ್ಲಿಸ್ರಿ. ಪೂರ್ತಿ ಬೆಳ್ಳಗಾದ ಮ್ಯಾಲೆ ತಗಂಬರ್ರಿ, ಆವಾಗ ರೇಟು ಮಾತಾಡಾಣ."

ಜಗಳೂರಿನ ಗುರುತು

ಜಗಳೂರಿನಲ್ಲಿ ಇಬ್ಬರು ದೊಡ್ಡ ಕುರಿ ಸಾಹುಕಾರರಿದ್ದರು. ಮೊದಲನೆಯವರು ಕಾರಲ್ಲಿ ಕೂತು ಸ್ಟೀರಿಂಗ್ ಸವರಿ, ನಿಟ್ಟುಸಿರು ಬಿಟ್ಟು ಇಳಿದರು.

"ಯಾಕೆ ಸಾಹುಕಾರ್ರೇ?"

"ಮಂದೆಗಳು ಬೆರೆತು ಹೋಗಬಾರ್ದು ಅಂತ ಕುರಿ ಬೆನ್ನಿಗೆ ಒಬ್ಬೊಬ್ಬರು ಒಂದೊಂದು ಬಣ್ಣ ಹಚ್ತೀವಿ. ನಮ್ದು ನೀಲಿ. ಈ ರಾಣಿ ಬಣ್ಣ ಆಚೆ ಓಣಿಯೋರ್ದು. ನಾನು ಇದನ್ನ ಓಡಿಸ್ಕಂಡು ಹೋದ್ರೆ, ಅವರ ಕುರಿ ಹೊಡ್ಕಂಡು ಬಂದ ಅಂತಾರೆ ಜನ."

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಕೊನೆಗೂ ಈ ಬಣ್ಣಕ್ಕೆ ಹೇಳಿ ಮಾಡಿಸಿದ ಗಿರಾಕಿ ಸಿಕ್ಕಿದ ಅಂತ ಕಾರನ್ನು ನೇರ ಆಚೆ ಓಣಿಗೆ ಬಿಟ್ಟೆ. ಎರಡನೇ ಸಾಹುಕಾರರು ಸುತ್ತಲೂ ತಿರುಗಿ, ಬಣ್ಣವನ್ನು ಉಗುರಿಂದ ಕೆರೆದು ಪರೀಕ್ಷಿಸಿದರು. ಮುಖ ಅರಳಿತು.

"ಹೌದ್ರೀ, ನಮ್ಮ ಗುರುತೇ ಐತೆ."

"ಹಾಗಾದರೆ ರೇಟು..."

"ರೇಟು ಯಾತರದ್ದು? ನಮ್ಮ ಗುರುತು ಇದ್ದ ಮ್ಯಾಲೆ ಇದು ನಮ್ದೇ ಅಲ್ವೇನ್ರೀ? ಎಲ್ಲಿ ತಪ್ಪಿಸ್ಕಂಡಿತ್ತು, ಹೇಳ್ರಿ!"

ಪಂಚರು ಸೇರುವ ಮೊದಲೇ ನಾನು ಊರು ಬಿಟ್ಟೆ.

ಕೊನೆಗೆ ಚನ್ನಗಿರಿಯಲ್ಲೇ

ಯುಗಾದಿಗೆ ಇನ್ನು ಮೂರು ದಿನ. ಮಾವನವರು ನನಗಾಗಿ ಅಂಗಡಿಯಲ್ಲಿ ಒಂದು ಸ್ಟೂಲು ಹಾಕಿಸಿದ್ದಾರೆಂಬ ಸುದ್ದಿ ಬಂತು. ಗತಿಯಿಲ್ಲದೆ ಅಡಿಕೆ ಮಂಡಿ ಸಾಹುಕಾರರ ಮನೆ ಮುಂದೆ ಕಾರು ನಿಲ್ಲಿಸಿದೆ. ಅವರ ಹೆಂಡತಿ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರು.

ಸಾಹುಕಾರರು ಒಂದು ಸುತ್ತು ಓಡಿಸಿ ಬಂದು, "ಗಾಡಿ ಬಂಗಾರ. ಆದ್ರೆ ಬಣ್ಣಕ್ಕೆ ಅರ್ಧ ರೇಟು ಮುರೀಬೇಕು" ಅಂದರು.

ಅರ್ಧಕ್ಕೆ ಕೊಟ್ಟರೆ ನನ್ನ ಅಸಲೂ ಹುಟ್ಟುತ್ತಿರಲಿಲ್ಲ. "ಬಣ್ಣ ಏನು ಮಾಡ್ತು ಸಾಹುಕಾರ್ರೇ?"

ಅವರು ನನ್ನನ್ನು ಕಾರಿನ ಮರೆಗೆ ಕರೆದು ಪಿಸುಗುಟ್ಟಿದರು. ಪಿಸುಗುಟ್ಟಿದರೂ ಅದು ಮಂಡಿಯಲ್ಲಿ ಹರಾಜು ಕೂಗಿದ ಗಂಟಲು. "ಬಿಳಿ ಕಾರು ಎಲ್ಲಿ ನಿಂತ್ರೂ ಯಾರ್ದು ಅಂತ ಯಾರೂ ಕೇಳಲ್ಲ. ಇದು ಇಸ್ಪೀಟ್ ಕ್ಲಬ್ ಮುಂದೆ ನಿಂತ್ರೆ ಸಂತೇಬೆನ್ನೂರಿಗೂ ಗೊತ್ತಾಗ್ತೈತೆ!"

ಮೊರ ಕೆಳಗಿಟ್ಟ ಸದ್ದಾಯಿತು. ಅಮ್ಮಾವ್ರು ಎದ್ದು ಬಂದರು.

"ಏನಪ್ಪಾ, ಇದು ನಮ್ಮ ಮಾಳಿಗೆ ಮ್ಯಾಲಿಂದ ನೋಡಿದ್ರೂ ಗುರುತು ಸಿಗ್ತೈತಾ?"

"ಕೋಟೆ ಗುಡ್ಡದ ಮೇಲಿಂದಲೂ ಸಿಗುತ್ತೆ ತಾಯಿ."

"ಹಂಗಾದ್ರೆ ನೀನು ಹೇಳಿದ ರೇಟು, ಬಣ್ಣಕ್ಕೆ ಅಂತ ಮ್ಯಾಲೊಂದಿಷ್ಟು. ಈವತ್ತೇ ಬಿಟ್ಟು ಹೋಗು. ಇವರ ಆ ಹಳೇ ಬಿಳಿ ಕಾರು ಮಾರಾಕೆ ನೀನೇ ತಗಂಡ್ಹೋಗು."

ನಾನು ಕುಣಿಯುವುದೊಂದು ಬಾಕಿ. ಮಾವನ ಸ್ಟೂಲಿನ ಮೇಲೆ ಬೇರೆ ಯಾರಾದರೂ ಕೂರಲಿ!

ಹಬ್ಬ ಮುಗಿದ ಮೇಲೆ ಸಾಹುಕಾರರು ಸಿಕ್ಕಿದರು. ಸ್ಕೂಟರ್ ಮೇಲಿದ್ದರು, ಮುಖದಲ್ಲಿ ಕಳ್ಳನಗೆ. "ಕಾರು ಮನೆ ಮುಂದೆ ಇರ್ಲಿ ಬಿಡ್ರಿ, ಕ್ಲಬ್ಬಿಗೆ ನಂಗೆ ಇದೇ ಸಾಕು. ಅಲ್ಲಾ, ನೀವೇನು ಇಷ್ಟೊತ್ತಿಗೆ ಇತ್ಲಾಗೆ?"

"ನಿಮ್ಮ ಮನೆಗೇ ಹೊರಟಿದ್ದೆ" ಅಂತ ಕೈಯಲ್ಲಿದ್ದ ರಾಣಿ ಬಣ್ಣದ ಪೇಂಟಿನ ಡಬ್ಬಿ ತೋರಿಸಿದೆ. "ಸ್ಕೂಟರಿಗೂ ಇದನ್ನೇ ಹೊಡೆಸಬೇಕಂತೆ, ಅಮ್ಮಾವ್ರು ಹೇಳಿ ಕಳಿಸಿದ್ದಾರೆ."