ಹನ್ನೊಂದು ಜೋಡಿ, ಮ್ಯಾಲೊಂದು

ನನ್ನ ಸೋದರತ್ತೆಗೆ ಲೆಕ್ಕ ಬರುವುದಿಲ್ಲ. ಇದು ನಾನು ಹೇಳುತ್ತಿರುವ ಚಾಡಿಯಲ್ಲ ಸ್ವಾಮಿ, ಸಹಿ-ಸಿಕ್ಕಾ ಸಮೇತ ಕಾಗದದ ಮೇಲೆ ಸಾಬೀತಾಗಿರುವ ಸಂಗತಿ! ಆ ಕಾಗದದ ಕೆಳಗೆ ನಾನೂ ಒಂದು ಸಹಿ ಹಾಕಬೇಕಿತ್ತು. ಹುಮನಾಬಾದಿನ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಕಲಿಸುತ್ತಿರುವವನ ಅತ್ತೆಗೇ ಎಣಿಸಲು ಬಾರದು ಎಂದರೆ ಸ್ಟಾಫ್ ರೂಮಿನಲ್ಲಿ ಮುಖ ತೋರಿಸುವುದು ಹೇಗೆ, ನೀವೇ ಹೇಳಿ!

ಅತ್ತೆ ಮೋರಖಂಡಿಯವಳು. ಜೀವಮಾನವೆಲ್ಲ ಆಡು ಕಾದವಳು. ವಯಸ್ಸು ಎಷ್ಟೆಂದು ಆಕೆಗೂ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ. ಆಧಾರ್ ಕಾರ್ಡಿನ ಪ್ರಕಾರ ಆಕೆಯೂ, ಊರಿನ ಅರ್ಧ ಜನರೂ ಜನವರಿ ಒಂದರಂದೇ ಹುಟ್ಟಿದವರು. ನನ್ನ ಅಪ್ಪ-ಅವ್ವ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ನಾನು ಈ ಅತ್ತೆಯ ಬಳಿಯೇ ಬೆಳೆದೆ. ಬೆಳೆದೆ ಎನ್ನುವುದಕ್ಕಿಂತ ಮೇಯ್ದೆ ಎನ್ನುವುದು ಸರಿ. ಸಂಜೆ ಆಡುಗಳನ್ನು ದೊಡ್ಡಿಗೆ ಹೊಡೆದ ಮೇಲೆ, ಬೀದಿಯಲ್ಲಿ ಗೋಲಿ ಆಡುತ್ತಿದ್ದ ನನ್ನನ್ನೂ ಕಿವಿ ಹಿಡಿದು ಅದೇ ಬಾಗಿಲಿನಿಂದ ಒಳಗೆ ತಳ್ಳುತ್ತಿದ್ದಳು.

ಆಕೆ ಎಣಿಸುತ್ತಿದ್ದದ್ದು ಜೋಡಿಯ ಮೇಲೆ. ಒಂದು, ಎರಡು, ಮೂರು ಎನ್ನುವುದು ನಮ್ಮಂಥ ಬಡಪಾಯಿಗಳ ಕೆಲಸ. ಆಕೆ ದೊಡ್ಡಿಯ ಬಾಗಿಲಲ್ಲಿ ಕೋಲೂರಿ ನಿಂತು, ಎರಡೆರಡು ಆಡುಗಳನ್ನು ಕಣ್ಣಲ್ಲೇ ಕಟ್ಟಿ ಒಳಗೆ ಬಿಟ್ಟು, ಕೊನೆಗೆ "ಇಪ್ಪತ್ತು ಜೋಡಿ, ಮ್ಯಾಲೊಂದು" ಎಂದು ಅಗಳಿ ಹಾಕುತ್ತಿದ್ದಳು. ಅಂದರೆ ನಲವತ್ತೊಂದು ಆಡು. ಈ ನಲವತ್ತೊಂದನ್ನು ನಾನು ಎಷ್ಟು ಪರೀಕ್ಷೆಗಳಿಗೆ ಪ್ರಶ್ನೆಯಾಗಿ ಕೊಟ್ಟಿದ್ದೇನೋ!

ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ, ಆಡು ಮಾರಿ ಆಕೆ ನಮ್ಮ ಮನೆಗೆ ಬರುವುದೆಂದಾಯಿತು. ಆಗ ಹಿಂಡು ಸಣ್ಣದಾಗಿತ್ತು. ಹಿಂದಿನ ದಿನ ಫೋನಿನಲ್ಲಿ "ಒಂಬತ್ತು ಜೋಡಿ, ಮ್ಯಾಲೊಂದು ಅದ ತಮ್ಮಾ" ಎಂದಿದ್ದಳು. ಹುಲಸೂರಿನ ವ್ಯಾಪಾರಿ ಗಾಡಿಗೆ ಹತ್ತಿಸಿದ್ದು ಮಾತ್ರ ಹದಿನೆಂಟು. ನಾನು ಬಿಡುತ್ತೇನೆಯೇ? ಹತ್ತೊಂಬತ್ತನೆಯದು ಎಲ್ಲಿ ಎಂದು ಆ ಮನುಷ್ಯನ ಜೊತೆ ಅರ್ಧ ಗಂಟೆ ಜಗಳ ಕಾದೆ. ಆತ ಇದ್ದಬದ್ದ ದೇವರ ಮೇಲೆಲ್ಲ ಆಣೆ ಹಾಕಿದ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಆಡು ಹೋದ ದುಃಖ ಎಂದುಕೊಂಡೆ.

ನಮ್ಮದು ಹುಮನಾಬಾದಿನಲ್ಲಿ ಮೇಲಂತಸ್ತಿನ ಎರಡು ಕೋಣೆಯ ಬಾಡಿಗೆ ಮನೆ. ನಾನು, ಹೆಂಡತಿ, ಇಬ್ಬರು ಮಕ್ಕಳು. ಅತ್ತೆ ಬಂದವಳೇ ಮಾಳಿಗೆ ಹತ್ತಿ ನಾಲ್ಕೂ ಮೂಲೆ ನೋಡಿ, "ಆಡ ಎಲ್ಲಿ ಕಟ್ತೀರಿ?" ಎಂದು ಕೇಳಿದಳು. ತಮಾಷೆ ಎಂದುಕೊಂಡು ನಕ್ಕೆವು. ಎರಡನೇ ವಾರ ಮಾಳಿಗೆಯ ಮೇಲೆ, ಅತ್ತೆ ಸಂತೆಯಿಂದ ಹಿಡಿದು ತಂದ ಒಂದು ಆಡು ನಿಜವಾಗಿಯೂ ಇತ್ತು! ಮೂರನೇ ವಾರ ಅದು ಮನೆ ಮಾಲಕರ ಹೆಂಡತಿಯ ರೇಷ್ಮೆ ಸೀರೆಯ ಸೆರಗು ತಿಂದಿತು. ನಾಲ್ಕನೇ ವಾರ ಆಡು ಹೋಗಿ ನಮಗೆ ಮನೆ ಉಳಿದದ್ದೇ ದೊಡ್ಡದು.

ಒಂದು ದಿನ ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಬಸವಕಲ್ಯಾಣಕ್ಕೆ ಕರೆದೊಯ್ಯುತ್ತಿದ್ದೆ. ರಾಜೇಶ್ವರ ದಾಟಿದ ಮೇಲೆ ರಸ್ತೆಯ ಬದಿಗೆ ಒಂದು ವೃದ್ಧಾಶ್ರಮ ಕಂಡಿತು. ಗೇಟಿನ ಹೊರಗೆ ದೊಡ್ಡ ಬೇವಿನ ಮರ, ಅದರ ಕೆಳಗೆ ಕಲ್ಲಿನ ಕಟ್ಟೆ, ಕಟ್ಟೆಯ ತುಂಬ ಮುದುಕರು. ಅತ್ತೆ ಸೀಟಿನಿಂದೆದ್ದು "ಡ್ರೈವರಾ, ನಿಂದ್ರಸೋ!" ಎಂದು ಕೂಗಿದ ರಭಸಕ್ಕೆ ಬಸ್ಸು ನಿಂತೇ ನಿಂತಿತು. ಒಳಗೆ ಹೋಗಿ ನೀರಿನ ತೊಟ್ಟಿ ನೋಡಿದಳು, ಕಂಪೌಂಡ್ ಗೋಡೆ ತಟ್ಟಿದಳು, ನೆರಳು ಯಾವ ಕಡೆ ಬೀಳುತ್ತದೆ ಎಂದು ಕೇಳಿದಳು. "ದೊಡ್ಡಿ ಛಲೋ ಅದ. ನಾ ಇಲ್ಲೇ ಇರ್ತೀನಿ" ಎಂದಳು. ನಾನು ಬೇಡ ಎಂದೆ. ಎಷ್ಟು ಜೋರಾಗಿ ಎಂದೆ ಎಂಬುದು ಈಗ ಸರಿಯಾಗಿ ನೆನಪಿಲ್ಲ. ಮ್ಯಾನೇಜರ್ ಕೊಟ್ಟ ನಾಲ್ಕು ಪುಟದ ಫಾರಂ ಅನ್ನು ಮಾತ್ರ, ಹೆಸರು, ಊರು, ಬಿಪಿ, ಶುಗರ್, ಕುಟುಂಬದ ಸದಸ್ಯರು ಎಲ್ಲವನ್ನೂ, ಗಣಿತದ ಮಾಸ್ತರನಿಗೆ ತಕ್ಕ ಹಾಗೆ ಒಂದೂ ತಪ್ಪಿಲ್ಲದೆ ತುಂಬಿದೆ.

ಆ ಆಶ್ರಮ ಕೆಟ್ಟದೇನಲ್ಲ. ಬೆಳಗ್ಗೆ ಮಂಡಕ್ಕಿಯ ಸುಸಲಾ, ಮಧ್ಯಾಹ್ನ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ. ಆದರೆ ಅಲ್ಲಿ ಗೋಡೆಯ ಮೇಲೊಂದು ಬೋರ್ಡು ಇದೆ. ಅದರಲ್ಲಿ ಇಡೀ ದಿನದ ಬದುಕನ್ನು ಮುಕ್ಕಾಲು ಗಂಟೆಯ ತುಂಡುಗಳಾಗಿ ಕತ್ತರಿಸಿ ಹಾಕಿದ್ದಾರೆ. ಮೂರಕ್ಕೆ 'ಸೃಜನಶೀಲ ಚಟುವಟಿಕೆ'. ನಾಲ್ಕರಿಂದ ನಾಲ್ಕೂ ಮುಕ್ಕಾಲು 'ಸಂತೋಷದ ಸಮಯ'! ಐದಕ್ಕೆ ಐದು ನಿಮಿಷ ಇರುವಾಗ ಯಾರಾದರೂ ನಕ್ಕರೆ ಅದು ನಿಯಮಬಾಹಿರವೋ ಏನೋ, ನಾನು ಕೇಳಲಿಲ್ಲ.

ಇದನ್ನೆಲ್ಲ ನಡೆಸಲು ಒಬ್ಬ ಮೇಡಂ ಇದ್ದಾರೆ. ಒಳ್ಳೆಯ ಹೆಣ್ಣುಮಗಳು, ತರಬೇತಿಯೊಂದು ಪಾಪ ಸ್ವಲ್ಪ ಹೆಚ್ಚಾಗಿದೆ. ಮೊದಲ ದಿನ ಎಲ್ಲರನ್ನೂ ವೃತ್ತದಲ್ಲಿ ಕೂಡಿಸಿ ಒಂದು ಪ್ಲಾಸ್ಟಿಕ್ ಚೆಂಡು ಎಸೆದರು. ಅತ್ತೆ ಅದನ್ನು ಹಿಡಿದು ತಿರುಗಿಸಿ ನೋಡಿದಳು.

"ನನಗ ವಾಪಸ್ ಒಗೀರಿ ಆಯಿ" ಎಂದರು ಮೇಡಂ.

"ಒಗದ್ರ ನೀ ಏನ್ ಮಾಡ್ತಿ?"

"ನಾ ನಿಮಗ ಮತ್ತ ಒಗೀತೀನ್ರಿ."

"ಹಾಂಗಾದ್ರ ಇಬ್ರಿಗೂ ಬ್ಯಾಡಾಗ್ಯದ. ಕೆಳಗಿಡು ತಾಯಿ, ಸುಮ್ಕ ಯಾಕ ತಕಲೀಫ್?" ಎಂದು ಚೆಂಡನ್ನು ನೆಲಕ್ಕಿಟ್ಟು ಅದರ ಮೇಲೆ ಕಾಲು ಚಾಚಿದಳು.

ಮರುದಿನ ಬಣ್ಣ ತುಂಬಲು ಒಂದು ಆಡಿನ ಚಿತ್ರ ಕೊಟ್ಟರು. ಆಡಿನ ಕೊರಳಿಗೆ ರಿಬ್ಬನ್, ಮುಖದಲ್ಲಿ ನಗು. ಅತ್ತೆ ಎಷ್ಟೋ ಹೊತ್ತು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಇದಕ್ಕ ಜ್ವರ ಬಂದಾವ. ಕಿವಿ ನೋಡು, ಹ್ಯಾಂಗ ಜೋತು ಬಿದ್ದಾವ! ಬಣ್ಣ ಆಮ್ಯಾಲ ಹಚ್ಚಮಂತ, ಮೊದಲ ಔಷಧ ಕುಡಸ್ರಿ" ಎಂದಳಂತೆ. ಆ ವಾರದ ವರದಿಯಲ್ಲಿ ಮೇಡಂ ಬರೆದದ್ದು: 'ಪಾಲ್ಗೊಳ್ಳುವಿಕೆ ಉತ್ತಮ.'

ತಿಂಗಳಿಗೊಮ್ಮೆ ಬದುಕಿನ ಗುಣಮಟ್ಟವನ್ನು ಅಳೆಯುತ್ತಾರೆ. ಮೂರು ದುಂಡು ಮುಖಗಳ ಕಾರ್ಡು. ಒಂದು ನಗುವ ಮುಖ, ಒಂದು ಸುಮ್ಮನಿರುವ ಮುಖ, ಒಂದು ಅಳುವ ಮುಖ. ನಿಮ್ಮ ಮನಸ್ಸು ಹೇಗಿದೆಯೋ ಅದರ ಮೇಲೆ ಬೆರಳಿಡಬೇಕು. ಅತ್ತೆ ಮೂರನ್ನೂ ನೋಡಿ ಹೌಹಾರಿ, "ಅಯ್ಯ ಶಿವನೇ! ಮೂರೂ ಮಂದಿ ತಲಿ ಬೋಳಸ್ಯಾರ. ಇವ್ರ ಮನ್ಯಾಗ ಯಾರ್ ಸತ್ತಾರವ್ವಾ?" ಎಂದು ಕೇಳಿದ್ದಲ್ಲದೆ, ನಗುತ್ತಿರುವವನ ಮೇಲೆ ಬೆರಳಿಟ್ಟು, "ಇಂವಗ ಆಸ್ತಿ ಬಂದಿರಬೇಕು" ಎಂದು ಷರಾ ಸೇರಿಸಿದಳು. ಅಲ್ಲಿದ್ದ ಅಷ್ಟೂ ಮುದುಕರು ಕೆಮ್ಮು ಬರುವಷ್ಟು ನಕ್ಕರು. ಆಗಿನ್ನೂ ಸಂತೋಷದ ಸಮಯ ಶುರುವಾಗಿರಲಿಲ್ಲ!

ಇನ್ನು ಹುಟ್ಟುಹಬ್ಬದವರು. ವಾರಕ್ಕೆ ಒಬ್ಬರಾದರೂ ಯಾರದೋ ಮಗುವಿನ ಹುಟ್ಟುಹಬ್ಬ ಮಾಡಲು ಬರುತ್ತಾರೆ. ಶುಗರ್ ಇರುವವರ ಬಾಯಿಗೆ ಕೇಕು ತುರುಕಿ, ಕೈಗೊಂದು ಬಾಳೆಹಣ್ಣು ಕೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಒಮ್ಮೆ ಫೋಟೋ ಸರಿ ಬರಲಿಲ್ಲವೆಂದು ಕೊಟ್ಟ ಹಣ್ಣು ವಾಪಸು ಇಸಿದುಕೊಂಡು ಮತ್ತೆ ಕೊಟ್ಟರು. ಎರಡನೇ ಸಲವೂ ಸರಿ ಬರಲಿಲ್ಲ. ಮೂರನೇ ಸಲ ಕೈ ಚಾಚಿದಾಗ ಅತ್ತೆಯ ಕೈಯಲ್ಲಿ ಬರೀ ಸಿಪ್ಪೆ ಇತ್ತು. "ಫೋಟೋಕ್ಕ ಇದ ಸಾಕಾಗ್ತದ ತಗೋರಿ" ಎಂದಳು.

ಬೋರ್ಡಿನಲ್ಲಿ ಇಲ್ಲದ ಒಂದೇ ಒಂದು ಕೆಲಸವನ್ನು ಅತ್ತೆ ತಾನೇ ಹುಡುಕಿಕೊಂಡಿದ್ದಳು. ಐದಕ್ಕೆ ಎಲ್ಲರೂ ಬೇವಿನ ಕಟ್ಟೆಗೆ ಹೋಗಿ ಕೂತು ಆರಕ್ಕೆ ಒಳಗೆ ಬರುತ್ತಾರಲ್ಲ, ಆಗ ಗೇಟಿನಲ್ಲಿ ಕೋಲೂರಿ ನಿಂತು ಎಣಿಸುವುದು. ಜೋಡಿಯ ಮೇಲೆಯೇ. ಯಾರ ನಡಿಗೆ ಯಾರ ನಡಿಗೆಗೆ ಹೊಂದುತ್ತದೋ ಅವರು ಜೋಡಿ. ದೊಡ್ಡ ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರನ್ನು, ಹೊಟೇಲಿನಲ್ಲಿ ತಾಟು ತೊಳೆಯುತ್ತಿದ್ದ ಮುದುಕನ ಜೊತೆ ಜೋಡಿ ಮಾಡಿದಳು. ಇಬ್ಬರೂ ಎಡಗಾಲು ಎಳೆಯುತ್ತಾರೆಂದು. ಶಿರಸ್ತೇದಾರರು ನಾಲ್ಕು ದಿನ ಬೇಕೆಂದೇ ಬಲಗಾಲು ಎಳೆದು ನೋಡಿದರು, ಸಾಧ್ಯವಾಗದೆ ಐದನೇ ದಿನ ಆ ಮುದುಕನ ಹೆಗಲ ಮೇಲೆ ಕೈಹಾಕಿಕೊಂಡು ಬಂದರು. ತನ್ನನ್ನು ಅತ್ತೆ ಒಬ್ಬ ನಿವೃತ್ತ ಪೋಸ್ಟ್‌ಮ್ಯಾನ್ ಜೊತೆ ಜೋಡಿ ಮಾಡಿಕೊಂಡಿದ್ದಳು. ಆತನಿಗೆ ಸಂಕೋಚ, ಈಕೆಗೆ ಎಳ್ಳಷ್ಟೂ ಇಲ್ಲ.

ಎಲ್ಲ ಸರಿ, ತೊಂದರೆ ಲೆಕ್ಕದಲ್ಲೇ. ಆಶ್ರಮದ ಹಾಜರಿ ಪುಸ್ತಕದಲ್ಲಿ ಇರುವುದು ಅತ್ತೆಯೂ ಸೇರಿ ಇಪ್ಪತ್ತೆರಡು ಜನ. ಅತ್ತೆ ದಿನಾ ಹೇಳುತ್ತಿದ್ದದ್ದು "ಹನ್ನೊಂದು ಜೋಡಿ, ಮ್ಯಾಲೊಂದು". ಒಂದು ಹೆಚ್ಚು! ಹೇಳಿ ಸುಮ್ಮನಾಗುತ್ತಿರಲಿಲ್ಲ, ವಾಚ್‌ಮ್ಯಾನ್ ಗೇಟು ಹಾಕಲು ಬಂದರೆ "ತಡಿಯಪ್ಪಾ, ಜರಾ ತಡಿ" ಎಂದು ರಸ್ತೆ ನೋಡುತ್ತ ನಿಲ್ಲುತ್ತಿದ್ದಳು. ಕತ್ತಲಾಗುವ ತನಕ ದಿನವೂ ಇದೇ ರಗಳೆ.

ಇದು ತಪಾಸಣೆಗೆ ಬಂದ ಸಾಹೇಬರ ಎದುರೂ ಆಯಿತು. ಅವರು ಪ್ರೀತಿಯಿಂದ "ಎಷ್ಟ ಮಂದಿ ಇದ್ದೀರಿ ಆಯಿ?" ಎಂದು ಕೇಳಿದರೆ, "ಇಪ್ಪತ್ಮೂರು" ಎನ್ನಬೇಕೆ! ಪುಸ್ತಕದಲ್ಲಿ ಇಲ್ಲದ ಒಬ್ಬರನ್ನು ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಸಾಹೇಬರು ಅಡಿಗೆಮನೆ, ಬಚ್ಚಲು, ಮಂಚದ ಕೆಳಗೆಲ್ಲ ಹುಡುಕಿಸಿದರು. ಸಿಕ್ಕಿದ್ದು ಪೋಸ್ಟ್‌ಮ್ಯಾನ್ ಬಚ್ಚಿಟ್ಟಿದ್ದ ಮಾವಿನಕಾಯಿ ಉಪ್ಪಿನಕಾಯಿಯ ಭರಣಿ ಮಾತ್ರ. ಬಿಪಿ ಇದ್ದ ಆತನಿಂದ ಅದನ್ನು ಕಸಿದುಕೊಂಡದ್ದೇ ಆ ತಪಾಸಣೆಯ ಫಲ.

ಆಮೇಲೆ ಮ್ಯಾನೇಜರ್ ಒಬ್ಬ ಡಾಕ್ಟರನ್ನು ಕರೆಸಿದರು. ಅವರು ಕೇಳಿದಾಗಲೂ ಇಪ್ಪತ್ಮೂರೇ. 'ಎಣಿಕೆಯ ಶಕ್ತಿ ಕುಂದಿದೆ' ಎಂದು ಕಾಗದವಾಯಿತು. ನನಗೆ ಫೋನು ಬಂತು.

"ಸರ್, ನಿಮ್ಮ ಅತ್ತಿಯವ್ರನ್ನ ಹಿಂದಿನ ಖೋಲಿಗಿ ಹಾಕಬೇಕಾಗ್ತದ್ರಿ. ವಿಶೇಷ ಆರೈಕಿ. ಬಂದು ಒಂದ ಸಹಿ ಮಾಡಿ ಹೋಗ್ರಿ."

ಆ ಹಿಂದಿನ ಕೋಣೆಯನ್ನು ನಾನು ನೋಡಿದ್ದೆ. ಹೊರಗಿನಿಂದ ಚಿಲಕ. ಎತ್ತರದಲ್ಲಿ ಒಂದು ಸಣ್ಣ ಕಿಟಕಿ. ಅಲ್ಲಿಂದ ಗೇಟಾಗಲಿ, ಬೇವಿನ ಮರವಾಗಲಿ ಕಾಣುವುದಿಲ್ಲ. ಆಕಾಶದ ಕೆಳಗೆ ಬದುಕಿದವಳನ್ನು ಅದರೊಳಗೆ ಹಾಕಿದರೆ ಎಷ್ಟು ದಿನ ಉಳಿದಾಳು? ಶನಿವಾರ ಶಾಲೆ ಬಿಟ್ಟವನೇ ಬಸ್ಸು ಹತ್ತಿದೆ. ಮೂರು ತಿಂಗಳ ಮೇಲೆ ಹೋಗುತ್ತಿದ್ದೆ. ಮಕ್ಕಳ ಪರೀಕ್ಷೆ, ಸರ್ವೇ ಡ್ಯೂಟಿ, ಅದು ಇದು ಎಂದು ಆಗಿರಲಿಲ್ಲ.

ಕಟ್ಟೆಯ ಮೇಲೆ ಅತ್ತೆಯನ್ನು ಕೂಡಿಸಿ ಬಾಯಿಲೆಕ್ಕ ಕೇಳಿದೆ.

"ಅತ್ತಿ, ಮೂವತ್ತು ಆಡಿನ್ಯಾಗ ಏಳು ಮಾರಿದ್ರ ಎಷ್ಟು ಉಳೀತಾವ?"

"ಇಪ್ಪತ್ಮೂರು. ಆದ್ರ ಏಳ್ಯಾಕ ಮಾರಿದಿ? ನಿನಗ ಅಂಥಾ ಅಡಚಣಿ ಏನ್ ಬಂದಿತ್ತು?"

ಎಣಿಕೆಯ ಶಕ್ತಿಗೆ ಏನೂ ಆಗಿರಲಿಲ್ಲ! ಅಷ್ಟರಲ್ಲಿ ಆರಾಯಿತು. ಅತ್ತೆ ಗೇಟಿಗೆ ಹೋಗಿ ನಿಂತಳು. ಒಂದು ಪಕ್ಕಕ್ಕೆ ನಾನು ನಿಂತೆ, ಇನ್ನೊಂದು ಪಕ್ಕಕ್ಕೆ ನನ್ನ ಸಹಿಗಾಗಿ ಫೈಲು ಹಿಡಿದ ಮ್ಯಾನೇಜರ್. ಮುದುಕರು ಒಬ್ಬೊಬ್ಬರಾಗಿ ಬಂದರು. ಆಕೆ ಜೋಡಿಯಲ್ಲಿ, ನಾನು ಒಂದು-ಎರಡರಲ್ಲಿ ಎಣಿಸಿದೆವು. ಕೊನೆಗೆ ಪೋಸ್ಟ್‌ಮ್ಯಾನ್ ಬಂದು ಆಕೆಯ ಪಕ್ಕ ನಿಂತ. ಇಪ್ಪತ್ತೆರಡು.

"ಹನ್ನೊಂದು ಜೋಡಿ, ಮ್ಯಾಲೊಂದು" ಎಂದಳು ಅತ್ತೆ.

"ನೋಡಿದ್ರ್ಯಾ ಸರ್?" ಎಂದರು ಮ್ಯಾನೇಜರ್. "ಹಾಲ್‌ನ್ಯಾಗ ನಮ್ಮ ಸಂಸ್ಥಾಪಕರ ಫೋಟೋ ಅದಲ್ರಿ, ಅದನ್ನೂ ಹಿಡಿದು ಎಣಸ್ತಾರ. ಅಡಿಗಿಯವ್ರು ಅಲ್ಲ, ಗೇಟಿನ ನಾಯಿನ್ನ ಎಣಸ್ತಾರ ಅಂತಾರ."

ನಾನು ಕೇಳಿದೆ: "ಅತ್ತಿ, ಜೋಡಿ ಹನ್ನೊಂದೂ ಬರೋಬ್ಬರಿ ಅವ. ಆ ಮ್ಯಾಲೊಂದು ಯಾರು?"

ಅತ್ತೆ ನನ್ನನ್ನು ದಡ್ಡ ಹುಡುಗನನ್ನು ನೋಡುವ ಹಾಗೆ ನೋಡಿದಳು.

"ನೀ ಸಣ್ಣಾಂವ ಇದ್ದಾಗಿಂದ ಎಣಸಾಕತ್ತೇನಿ, ಇವತ್ತ ಕೇಳ್ತಿಯಲ್ಲೋ ಖೋಡಿ! ಅಲ್ಲಿ ಇಪ್ಪತ್ತು ಜೋಡಿ ಆಡು, ಮ್ಯಾಲೊಂದು ನೀ. ಇಲ್ಲಿ ಹನ್ನೊಂದು ಜೋಡಿ ಮಂದಿ, ಮ್ಯಾಲೊಂದು ನೀ. ಆ ಆಡಿನ ವ್ಯಾಪಾರಿ ಸಂಗಾಟ ಜಗಳ ಮಾಡಿದ್ಯಲ್ಲ, ಹತ್ತೊಂಬತ್ತನೇದು ಎಲ್ಲಿ ಅಂತ? ನೀನ ಅದೀಯಲ್ಲೋ ಅಂತ ನಾ ನಗಾಕತ್ತಿದ್ದೆ."

"ನಾ ಹುಮನಾಬಾದದಾಗ ಇರ್ತೀನಲ್ಲ ಅತ್ತಿ. ಇಲ್ಲಿ ಇಲ್ಲಲ್ಲ?"

"ಮೇಯಾಕ ಹೋಗೀದಿ. ಮೇಯಾಕ ಹೋದದ್ದು ಲೆಕ್ಕದಾಗ ಇರಂಗಿಲ್ಲೇನು? ಸಂಜೀಕ ಬರ್ತದ ಅಂತ ಬಾಗಲಾ ತೆರದು ನಿಂದರಬೇಕಾಗ್ತದಪ್ಪ."

ಮೂರು ತಿಂಗಳಿನಿಂದ ಪ್ರತಿ ಸಂಜೆ ಈ ಗೇಟಿನಲ್ಲಿ ನಿಂತು ಈಕೆ ಕಾಯುತ್ತಿದ್ದದ್ದು ನನ್ನನ್ನು! ಮ್ಯಾನೇಜರ್ ಫೈಲು ಮುಂದೆ ಹಿಡಿದರು. ಮೇಲೇ ಇತ್ತು, ನಾನು ಒಂದೂ ತಪ್ಪಿಲ್ಲದೆ ತುಂಬಿದ ಆ ಫಾರಂ. 'ಕುಟುಂಬದ ಸದಸ್ಯರ ಸಂಖ್ಯೆ' ಎಂಬುದರ ಮುಂದೆ ನನ್ನದೇ ದುಂಡಗಿನ ಕೈಬರಹದಲ್ಲಿ ನಾಲ್ಕು ಎಂದಿತ್ತು. ನಾನು, ಹೆಂಡತಿ, ಇಬ್ಬರು ಮಕ್ಕಳು.

ಪೆನ್ನು ತೆಗೆದು ನಾಲ್ಕನ್ನು ಹೊಡೆದು ಐದು ಎಂದು ಬರೆದೆ. ಅಂಕಪಟ್ಟಿ ತಿದ್ದಿದಾಗ ಮಾಡುವ ಹಾಗೆ ಪಕ್ಕದಲ್ಲಿ ಸಣ್ಣ ಸಹಿ ಹಾಕಿದೆ.

"ಇದೇನ್ ಮಾಡಿದ್ರಿ ಸರ್? ಸಹಿ ಇಲ್ಲಿ ಬೇಕಾಗಿತ್ತಲ್ರಿ!" ಎಂದು ಅವರು ಡಾಕ್ಟರರ ಕಾಗದ ತೋರಿಸಿದರು.

"ಲೆಕ್ಕ ತಪ್ಪಿದ್ದು ನಾನ್ರಿ" ಎಂದು ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ. ಬೇರೆ ಹಾಳೆಯಲ್ಲಿ, 'ಇಪ್ಪತ್ಮೂರನೆಯವನು ನಾನು. ದಿನವೂ ಹಾಜರಿರುವುದಿಲ್ಲ, ಲೆಕ್ಕದಲ್ಲಿದ್ದೇನೆ' ಎಂದು ಬರೆದು ಸಹಿ ಮಾಡಿಕೊಟ್ಟೆ. ಮುಂದಿನ ತಪಾಸಣೆಗೆ ಆಗುತ್ತದೆ ಎಂದು ಅವರು ಅದನ್ನು ಫೈಲಿಗೆ ಸೇರಿಸಿದರು.

ಅಷ್ಟರಲ್ಲಿ ವಾಚ್‌ಮ್ಯಾನ್ ಬೀಗ ಹಿಡಿದು ಬಂದು, ದಿನದ ಅಭ್ಯಾಸದಂತೆ ಅಂಜುತ್ತಲೇ ಕೇಳಿದ: "ಗೇಟ್ ಹಾಕ್ಲೇನ್ ಆಯಿ? ಇನ್ನಾ ತಡೀಲ್ಯಾ?"

ಅತ್ತೆ ನನ್ನ ಕಿವಿ ಹಿಡಿದು ಗೇಟಿನ ಒಳಗೆ ಎಳೆದುಕೊಂಡಳು.

"ಹಾಕಪ್ಪಾ. ಇವತ್ತ ಎಲ್ಲಾ ಬಂದಾವ."