ಮಡಿವಾಳಪ್ಪನವರ ಕಂಪ್ಯೂಟರ್ ತೊಟ್ಟಿಲು

"ಕಲಘಟಗಿಗೆ ಯಾರೂ ಹೋಗೂದು ಬ್ಯಾಡ! ತೊಟ್ಟಲಾ ನಾನ ಮಾಡತೇನಿ. ನಾನಂದ್ರ ನಾನಲ್ಲ, ನನ್ನ ಮಿಷನ್ ಮಾಡತೈತಿ!"

ಉಣಕಲ್ಲಿನ ತಮ್ಮ ಮನೆಯ ಪಡಸಾಲೆಯಲ್ಲಿ ರೊಟ್ಟಿ ಮುರಿಯುತ್ತ ಮಡಿವಾಳಪ್ಪನವರು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದಾಗ, ಹೆಂಡತಿ ಫಕೀರವ್ವನ ಕೈಯ ಸೌಟು ಅಲ್ಲೇ ನಿಂತಿತು. ಮಗಳು ಗೀತಾಂಜಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮೂರನೇ ತಿಂಗಳಲ್ಲಿ ಕೂಸಿಗೆ ಹೆಸರಿಡುವ ದಿನ ತವರಿನವರು ತೊಟ್ಟಿಲು ಕೊಡಬೇಕು. ಮಗಳು ಗಂಡನ ಮನೆಗೆ ಹೊರಟಾಗ ಆ ತೊಟ್ಟಿಲೂ ಅವಳ ಹಿಂದೆ ಹೋಗಬೇಕು. ಈ ಸೀಮೆಯಲ್ಲಿ ಅದು ಬರೀ ಕಟ್ಟಿಗೆ ಸಾಮಾನಲ್ಲ, ತವರಿನ ಮರ್ಯಾದೆ. ಕಲಘಟಗಿಯ ಬಣ್ಣದ ತೊಟ್ಟಿಲು ಕೊಟ್ಟರಂತೂ ಬೀಗರ ಬಾಯಿಗೆ ಬೀಗ!

"ಅಲ್ರಿ, ಕಲಘಟಗಿಯಾಗ ಮೊದಲ ಹೇಳಿಟ್ರನ ಸಿಗತಾವು. ನಿಮಗ ಈ ವಯಸ್ಸಿನ್ಯಾಗ ಯಾಕ ಈ ಉಸಾಬರಿ?"

"ನಿನಗ ಗೊತ್ತಾಗೂದಿಲ್ಲ. ಸಿ.ಎನ್.ಸಿ. ಅಂದ್ರ ಕಂಪ್ಯೂಟರ್ ಹೇಳತೈತಿ, ಮಿಷನ್ ಕೆತ್ತತೈತಿ. ಮನಷ್ಯಾ ಚಹಾ ಕುಡಕೋತ ಕುಂಡ್ರೂದಷ್ಟ!"

"ಅದನ್ನ ನೀವು ಮಿಷನ್ ಇಲ್ದನ ಮಾಡಾಕತ್ತೀರಲ್ಲ!"

ಈ ಹುಚ್ಚಿಗೆ ಕಾರಣವಿತ್ತು. ಮಡಿವಾಳಪ್ಪನವರು ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಲ್ಲಿಗೆ ಹೋದ ವರ್ಷ ಅಂಥದೊಂದು ಯಂತ್ರ ಬಂದಿತ್ತು. ಮಾಲೀಕರು ಅದನ್ನು ಗಾಜಿನ ಕೋಣೆಯಲ್ಲಿ ಇಟ್ಟು, ಇವರನ್ನು ಗಾಜಿನ ಆಚೆ ಇಟ್ಟಿದ್ದರು. ಅಂದಿನಿಂದ ತಮಗೆ ಅನ್ನ ಸೇರುತ್ತಿಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಎರಡು ರೊಟ್ಟಿ ಹೆಚ್ಚಿಗೆ ಸೇರುತ್ತಿವೆ ಎಂಬುದು ಫಕೀರವ್ವನ ಸಾಕ್ಷಿ.

ಮರುದಿನವೇ ಹುಬ್ಬಳ್ಳಿಯ ಮಲ್ಲಿಕಸಾಬನ ಗುಜರಿ ಅಂಗಡಿಗೆ ದಂಡಯಾತ್ರೆ! ಸತ್ತುಹೋದ ಪ್ರಿಂಟರ್‌ಗಳ ಪುಟ್ಟ ಮೋಟರುಗಳು, ಹಳೇ ಝೆರಾಕ್ಸ್ ಯಂತ್ರದ ಬೆಲ್ಟು, ಕಬ್ಬಿಣದ ಪೈಪು, ತಲೆದಿಂಬಿನಷ್ಟು ದಪ್ಪ ಪರದೆಯ ಕಂಪ್ಯೂಟರು, ಎಲ್ಲವನ್ನೂ ಆಟೋದಲ್ಲಿ ತುಂಬಿದರು.

"ಸಾಹೇಬ್ರ, ಇಷ್ಟೆಲ್ಲಾ ಮುರಕಾ ಒಯ್ದು ಏನ ಮಾಡ್ತೀರಿ?" ಎಂದ ಮಲ್ಲಿಕಸಾಬ.

"ಮಗಳ ಕೂಸಿಗೆ ತೊಟ್ಟಲಾ!"

ಮಲ್ಲಿಕಸಾಬ ಆ ತುಕ್ಕಿನ ರಾಶಿಯನ್ನೊಮ್ಮೆ ನೋಡಿದ, ಇವರನ್ನೊಮ್ಮೆ ನೋಡಿದ. "ಕೂಸಿಗೆ ಮೊದಲ ಟಿ.ಟಿ. ಸೂಜಿ ಮಾಡಸ್ರಿ" ಎಂದ.

ಯಂತ್ರಕ್ಕೆ ಅಲುಗಾಡದ ಬುಡ ಬೇಕಿತ್ತು. ಮನೆಯಲ್ಲಿ ಅಲುಗಾಡದ್ದು ಎಂದರೆ ಒಂದೇ. ಫಕೀರವ್ವನ ಮದುವೆಯಲ್ಲಿ ಅವಳ ತವರಿನವರು ಕೊಟ್ಟ ಸಾಗವಾನಿ ಮಂಚ! ಅದನ್ನು ಪಡಸಾಲೆಗೆ ಎಳೆದು, ಎರಡೂ ಬದಿಗೆ ಹಳಿ ಜೋಡಿಸಿ, ಅದರ ಮೇಲೆ ಅತ್ತಿತ್ತ ಓಡಾಡುವ ಕಬ್ಬಿಣದ ಅಡ್ಡತೊಲೆ ನಿಲ್ಲಿಸಿದರು. ಮುಂದೆ ಗುಡಿಯ ಕಂಬಗಳನ್ನೂ ಕೆತ್ತುವ ದೂರದೃಷ್ಟಿಯಿಂದ ತೊಲೆಯನ್ನು ಎದೆಯೆತ್ತರಕ್ಕೆ ಏರಿಸಿ, ಕೊರೆಯುವ ಮೋಟರನ್ನು ಅದರಿಂದ ಕೆಳಕ್ಕೆ ಇಳಿಬಿಟ್ಟರು. ಹಳಿಗೆ ಬೇಕಾದ ಚಾನಲ್ಲುಗಳನ್ನು ಫಕೀರವ್ವನ ಕಪಾಟಿನ ಡ್ರಾವರುಗಳಿಂದ ಕಿತ್ತದ್ದು ಆಕೆಗೆ ಗೊತ್ತಾದದ್ದು, ಸೀರೆ ತೆಗೆಯಲು ಹೋಗಿ ಇಡೀ ಡ್ರಾವರು ಕಾಲ ಮೇಲೆ ಬಿದ್ದಾಗ.

"ನಾವಿನ್ನ ಎಲ್ಲಿ ಮಲಗೂದ್ರಿ?"

"ಚಾಪಿ ಐತಲ್ಲ! ವಿಜ್ಞಾನಕ್ಕ ತ್ಯಾಗ ಬೇಕಾಗತೈತಿ."

"ವಿಜ್ಞಾನ ನಿಮ್ಮದು, ಬೆನ್ನ ನಂದು!"

ಇಷ್ಟರಲ್ಲಿ ಗೀತಾಂಜಲಿ ಹೆಣ್ಣು ಕೂಸು ಹೆತ್ತಳು. ಯಂತ್ರವಿನ್ನೂ ಹೆರಿಗೆ ಬೇನೆಯಲ್ಲಿತ್ತು. ಒಂದು ಮೋಟರು ಮುಂದೆ ಹೋಗೆಂದರೆ ಹಿಂದೆ ಬರುತ್ತಿತ್ತು, ಇನ್ನೊಂದು ನಡುಗುತ್ತ ನಿಂತಲ್ಲೇ ನಿಲ್ಲುತ್ತಿತ್ತು. ಪರೀಕ್ಷೆಗೆಂದು ಕೊರೆದ ಕಟ್ಟಿಗೆಯ ಹಿಟ್ಟು ಮನೆಯೆಲ್ಲ ಹಾರಿ ಶೇಂಗಾ ಹಿಂಡಿಯಲ್ಲಿ ಬೆರೆಯಿತು. ಫಕೀರವ್ವ ಬಾಣಂತಿ ಕೋಣೆಯ ಬಾಗಿಲಿಗೆ ಕೌದಿ ಕಟ್ಟಿ, ಗಂಡನಿಗೆ ಆ ಕಡೆ ಹಾಯಕೂಡದೆಂದು ಅಪ್ಪಣೆ ಮಾಡಿದಳು. ಕಲಘಟಗಿಯ ಮಾತು ಎತ್ತಿದಾಗಲೆಲ್ಲ "ನಾಳಿಗೆ ಮುಗಿತೈತಿ" ಎಂಬ ಉತ್ತರ. ಆ ನಾಳೆ ಬರುವಷ್ಟರಲ್ಲಿ ಹೆಸರಿಡುವ ದಿನದ ಹಿಂದಿನ ದಿನ ಬಂದುಬಿಟ್ಟಿತು.

ಅಂದು ಬೆಳಿಗ್ಗೆ ಯಂತ್ರ ಹೇಳಿದ ಮಾತು ಕೇಳಿತು! ಮಡಿವಾಳಪ್ಪನವರು ಓಣಿಯ ಮಂದಿಯನ್ನೆಲ್ಲ ಕರೆದರು. ಆದರೆ ಪೂಜೆ ಮಾಡದೆ ಯಂತ್ರ ಚಾಲೂ ಮಾಡುವುದುಂಟೆ? ಕಾರ್ಖಾನೆಯಲ್ಲಿ ನಟ್ಟು ಬಿಗಿಯುವ ಪಾನಾಕ್ಕೂ ಕುಂಕುಮ ಹಚ್ಚಿ ರೂಢಿಯಾದ ಕೈ. ತೊಲೆಗೆ ವಿಭೂತಿ ಎಳೆದು, ಕಂಪ್ಯೂಟರಿಗೆ ಕುಂಕುಮವಿಟ್ಟು, ಹಳಿಯುದ್ದಕ್ಕೂ ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆದರು. ಕೆತ್ತಬೇಕಾದ ಸಾಗವಾನಿ ಹಲಗೆ ಮಂಚದ ಮೇಲೆ ಸಿದ್ಧವಾಗಿತ್ತು. ತೊಟ್ಟಿಲಿಗೆ ಜೋಡಿ ಗಿಳಿಗಳನ್ನು ಈ ಕಡೆಯಿಂದ ಆ ಕಡೆಗೆ ಆರಪಾರ ಕೊರೆಯುವುದು ಯೋಜನೆ.

ಈ ಯಂತ್ರದ ಒಂದು ಪದ್ಧತಿ ಹೇಳಬೇಕು. ಕೆಲಸ ಶುರು ಮಾಡುವ ಮೊದಲು ಅದು ಮಂಚದ ಮೂಲೆಗೆ ಹೋಗಿ ಅಲ್ಲಿರುವ ಒಂದು ಗುಂಡಿ ಒತ್ತಬೇಕು. ಗುಂಡಿ ಒತ್ತಿದರೆ, ತಾನು ಮೂಲೆಯಲ್ಲಿದ್ದೇನೆ ಎಂದು ಅದಕ್ಕೆ ಖಾತ್ರಿ. ಅಲ್ಲಿಂದ ಅಳೆದುಕೊಂಡು ಹಲಗೆಗೆ ಬರುತ್ತದೆ. ಆದರೆ ಆ ಗುಂಡಿಯ ಸಂದಿಯಲ್ಲಿ ಮಡಿವಾಳಪ್ಪನವರ ಭಕ್ತಿಯ ಒಂದು ದಪ್ಪ ಚೆಂಡು ಹೂವು ಗುಂಡಿಯನ್ನು ಒತ್ತಿಕೊಂಡೇ ಕೂತಿತ್ತು! ನಡುಮಂಚದಲ್ಲಿ ನಿಂತಿದ್ದ ಯಂತ್ರ, ತಾನಾಗಲೇ ಮೂಲೆ ಮುಟ್ಟಿದೆ ಎಂದು ತಿಳಿದು, ಅಲ್ಲಿಂದಲೇ ಅಳೆಯಿತು.

ಗುರ್‍ರ್‍ರ್! ಮೊದಲ ಗಿಳಿಯ ಕೊಕ್ಕು ಹಲಗೆಯ ಅಂಚಿನಲ್ಲಿ ಮೂಡಿತು. ಕತ್ತು ಹಲಗೆ ದಾಟಿತು. ರೆಕ್ಕೆ, ಹೊಟ್ಟೆ, ಬಾಲವೆಲ್ಲ ಮಂಚದ ಮೇಲೆ ಮೂಡತೊಡಗಿದವು.

"ಅಯ್ಯ! ನಮ್ಮ ತವರಮನಿ ಮಂಚಾ! ನಿಂದರಸ್ರಿ!" ಎಂದು ಫಕೀರವ್ವ ಚೀರಿದಳು.

ನಿಲ್ಲಿಸುವುದು ಹೇಗೆ? ಚಾಲೂ ಮಾಡುವ ಉಮೇದಿನಲ್ಲಿ ನಿಲ್ಲಿಸುವ ಗುಂಡಿ ಕೂಡಿಸುವುದೇ ಮರೆತುಹೋಗಿತ್ತು! ಮಡಿವಾಳಪ್ಪನವರು ತೊಲೆಯನ್ನು ತಬ್ಬಿ ಹಿಡಿದರು. ತೊಲೆ ಅವರನ್ನೂ ಎಳೆದುಕೊಂಡು ಎರಡನೇ ಗಿಳಿಗೆ ಹೊರಟಿತು. ಹಲಗೆ ಚಟ್ಟೆಂದು ಸೀಳಿತು. ಕೊನೆಗೆ ಫಕೀರವ್ವ ಓಡಿ ಮೀಟರಿನ ಫ್ಯೂಜು ಕಿತ್ತಳು.

ಓಣಿಯ ಮಂದಿ ಪ್ರಸಾದದ ಕೊಬ್ಬರಿ ತಿನ್ನುತ್ತ ಸದ್ದಿಲ್ಲದೆ ಹೋದರು. ಹಲಗೆ ಎರಡು ತುಂಡು. ಕಲಘಟಗಿಗೆ ಫೋನು ಮಾಡಿದರೆ, "ದೀಪಾವಳಿ ಮುಂದ ನೋಡೂಣ್ರಿ" ಎಂದರು.

"ನಾಳೆ ಬೀಗರ ಮುಂದ ಏನ ಇಡ್ತೀರಿ?" ಫಕೀರವ್ವನ ಕಣ್ಣಲ್ಲಿ ನೀರು. "ನನ್ನ ಮಗಳು ಬರಿಗೈಲೆ ಹೋದಳು ಅಂತ ಊರೆಲ್ಲಾ ಆಡ್ಕೋತಾರ!" ಮಡಿವಾಳಪ್ಪನವರು ಹಲಗೆಯ ಎರಡು ತುಂಡುಗಳನ್ನು ಜೋಡಿಸಿ ಹಿಡಿದು ನೋಡಿದರು, ಮತ್ತೆ ಕೆಳಗಿಟ್ಟರು.

ಮರುದಿನ ಉಪ್ಪಿನಬೆಟಗೇರಿಯಿಂದ ಒಂದು ಟೆಂಪೋ ತುಂಬ ಬೀಗರು ಬಂದಿಳಿದರು. ಮುಂಚೂಣಿಯಲ್ಲಿ ಗೀತಾಂಜಲಿಯ ಅತ್ತೆ ತಂಗೆವ್ವ. ನೀರು ಕುಡಿದವರೇ ಕೇಳಿದರು: "ತೊಟ್ಟಲಾ ಎಲ್ಲೈತ್ರಿ?"

ಎಲ್ಲರೂ ಮಡಿವಾಳಪ್ಪನವರನ್ನು ನೋಡಿದರು. ಅವರು ಸೂರು ನೋಡಿದರು. ಫಕೀರವ್ವ ಮಾತ್ರ ಅಳುಕಲಿಲ್ಲ. ಕೊರೆಯುವ ಮೋಟರನ್ನು ಆಗಲೇ ಬಿಚ್ಚಿಸಿದ್ದಳು. ಒಂದು ಇಳಕಲ್ ಸೀರೆ ತಂದು ಅಡ್ಡತೊಲೆಗೆ ಜೋಳಿಗೆ ಕಟ್ಟಿ, "ಇದ ನೋಡ್ರಿ" ಎಂದಳು. ಕೂಸನ್ನು ಹಾಕಿದರು. ಹೆಂಗಸರು ಜೋಗುಳ ಎತ್ತಿದರು. ಕೂಸು ಅದಕ್ಕಿಂತ ಮೇಲಿನ ಸ್ವರದಲ್ಲಿ ಚಿಟ್ಟನೆ ಚೀರಿತು. ಎಷ್ಟು ತೂಗಿದರೂ ಸುಮ್ಮನಾಗಲೊಲ್ಲದು. ತಂಗೆವ್ವನ ಹುಬ್ಬು ಗಂಟಾಯಿತು.

"ಹಿಂದಕ್ಕ ಸರೀರಿ!" ಮಡಿವಾಳಪ್ಪನವರು ಕಂಪ್ಯೂಟರಿಗೆ ಹಾರಿದರು. ಗುಂಡಿಯಿಂದ ಬಾಡಿದ ಹೂವು ಕಿತ್ತೆಸೆದು, ತೊಲೆ ಮೆಲ್ಲಗೆ ಹೋಗಿ ಮೆಲ್ಲಗೆ ಬರುವಂತೆ ಅಪ್ಪಣೆ ಕೊಟ್ಟರು. ತೊಲೆ ಹೊರಟಿತು. ಪುಟ್ಟ ಮೋಟರುಗಳು "ಕುಂಯ್‌ಯ್... ಕೂಂಯ್‌ಯ್..." ಎಂದು ರಾಗ ತೆಗೆದವು. ಕೂಸು ಗಪ್ಪನೆ ಸುಮ್ಮನಾಗಿ ಕಣ್ಣರಳಿಸಿತು!

"ಅಬಬಬಾ! ಕಲಘಟಗೀದು ಕೈಲೆ ತೂಗಬೇಕು, ಇದು ತಾನ ತೂಗತೈತೆವ್ವಾ!" ತಂಗೆವ್ವ ಗಲ್ಲದ ಮೇಲೆ ಕೈಯಿಟ್ಟರು. "ಸೊಸಿ ಬರುವಾಗ ಇದನ್ನೂ ಕಳಿಸ್ರಿ ಮತ್ತ!"

ಮಡಿವಾಳಪ್ಪನವರ ಎದೆ ಊರಗಲವಾಯಿತು. "ಇದನ್ನ ಮೊದಲಿಂದ ಹಿಂಗ ಡಿಜೈನ್ ಮಾಡಿದ್ನಿರಿ" ಎಂದು ಶುರು ಮಾಡಿದರು. ಅಷ್ಟರಲ್ಲಿ ಕರೆಂಟು ಹೋಯಿತು.

ಕೂಸು ಮತ್ತೆ ಚೀರಿತು. ಫಕೀರವ್ವ ತೊಲೆಯನ್ನು ಕೈಯಿಂದ ದೂಡಿ ನೋಡಿದಳು. ತೂಗಿದರೆ ಸಾಲದು, ಕೂಸಿಗೆ ಆ ಸಪ್ಪಳವೇ ಬೇಕು!

"ನಿಂತ ಏನ ನೋಡಾಕತ್ತೀರಿ? ಬಾಯಿಲೆ ಅನ್ರಿ!"

"ಏನಂತ ಅನ್ನಲಿ?"

"ಮಿಷನ್ ಏನ ಅಂತಿತ್ತೋ ಅದನ್ನ!"

ಟೆಂಪೋ ತುಂಬ ಬಂದ ಬೀಗರ ಎದುರು, ರುಮಾಲು ಸುತ್ತಿದ ಸೂಪರ್‌ವೈಸರ್ ಮಡಿವಾಳಪ್ಪನವರು ಜೋಳಿಗೆಗೆ ಬಾಗಿ "ಕುಂಯ್‌ಯ್... ಕೂಂಯ್‌ಯ್..." ಎಂದರು. ಕೂಸು ನಕ್ಕಿತು. ಉಸಿರಿಗೆ ನಿಲ್ಲಿಸಿದರೆ ಅಳು, ಶುರು ಮಾಡಿದರೆ ನಗು. ಬೀಗರ ಗಂಡಸರು ಧೋತರದ ಚುಂಗು ಬಾಯಿಗೆ ತುರುಕಿಕೊಂಡರು.

ಕೊನೆಗೂ ಕರೆಂಟು ಬಂತು. ಬೆವರೊರೆಸಿಕೊಂಡು ಇವರು ಯಂತ್ರ ಚಾಲೂ ಮಾಡಿದರು. ಕೂಸು ಮೋಟರಿನ ಸದ್ದನ್ನು ಒಂದು ಗಳಿಗೆ ಕೇಳಿತು. ತುಟಿ ಸೊಟ್ಟ ಮಾಡಿತು. ಅಜ್ಜನ ಕಡೆ ನೋಡುತ್ತ ಮನೆ ಹಾರಿಹೋಗುವಂತೆ ಚೀರಿತು!

ತಂಗೆವ್ವ ಫಕೀರವ್ವನ ಕೈ ಹಿಡಿದು ಗಂಭೀರವಾಗಿ ಹೇಳಿದರು: "ಅಕ್ಕಾರ, ಈ ಮಿಷನ್ ನಿಮ್ಮನ್ಯಾಗ ಇರ್ಲಿ. ಸೊಸಿ ಬರುವಾಗ ಈ ಬೀಗರನ್ನಷ್ಟ ಕಳಿಸಿಕೊಡ್ರಿ."

"ಅಲ್ಲೀತನಕಾ ಯಾಕ ಕಾಯ್ತೀರಿ?" ಎಂದಳು ಫಕೀರವ್ವ. "ಟೆಂಪೋ ಬಂದೈತಲ್ಲ, ಇವತ್ತ ಒಯ್ರಿ!"