ಸೌಜನ್ಯ ಕಾರ್ಡಿಗೆ ಪಿನ್ ಹೊಡೆಯುವುದನ್ನು ನಿಷೇಧಿಸುವ ಬಗ್ಗೆ

ಹಾರ್ಲೋ ಫಾಲ್ಸ್ ನಗರ ಪೊಲೀಸ್ ಇಲಾಖೆ, ನ್ಯೂಜೆರ್ಸಿ
ಮುಖ್ಯಸ್ಥರ ಕಚೇರಿ

ಸಂಖ್ಯೆ: ಪೊ.ಇ./ಸೌ.ಕಾ./117/2024
ದಿನಾಂಕ: 18-10-2024, ಶುಕ್ರವಾರ

ಸುತ್ತೋಲೆ
(ಗೋಪ್ಯ. ಓದಿ, ಸಹಿ ಮಾಡಿ, ಮರೆಯತಕ್ಕದ್ದು.)

ವಿಷಯ: ಸೌಜನ್ಯ ಕಾರ್ಡು ಹೊಂದಿರುವ ಚಾಲಕರನ್ನು ನಡೆಸಿಕೊಳ್ಳಬೇಕಾದ ಬಗೆ, ಸದರಿ ಕಾರ್ಡುಗಳಿಗೆ ಪಿನ್ ಹೊಡೆಯುವುದರ ನಿಷೇಧ, ಹಾಗೂ ಗಸ್ತು ಅಧಿಕಾರಿ ರೆನಾಟಾ ವೊಯ್ಚಿಕ್ ಅವರು ಬರುವ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ನ್ಯಾಯಾಲಯದಲ್ಲಿ ಇಲ್ಲದಿರುವ ಕುರಿತು.

ಉಲ್ಲೇಖ:
1) ಇಲಾಖೆಯ ಸ್ಥಾಯಿ ಆದೇಶ ಸಂಖ್ಯೆ 4, ವರ್ಷ 1987 (ಇದರಲ್ಲಿ ಏನಿದೆ ಎಂಬುದು ಯಾರಿಗೂ ನೆನಪಿಲ್ಲ, ಪ್ರತಿಯು ದಾಖಲೆ ವಿಭಾಗದ ಶ್ರೀಮತಿ ಡೊಲೊರೆಸ್ ಅಮರಾಲ್ ಅವರ ಬಳಿ ಇದೆ).
2) ನಗರಸಭೆಯ ಸಾರ್ವಜನಿಕ ಸುರಕ್ಷತಾ ಸಮಿತಿಯ ಅಧ್ಯಕ್ಷರಾದ ಸದಸ್ಯ ಜೆರಾಲ್ಡ್ ಪಾಂಡೊಲ್ಫೊ ಅವರ ದೂರವಾಣಿ ಕರೆ, ದಿನಾಂಕ 08-10-2024, ಬೆಳಗ್ಗೆ 8.41.
3) ಅದೇ ಸದಸ್ಯರ ಕರೆ, 8.43.
4) ಅದೇ ಸದಸ್ಯರ ಕರೆ, 8.44 (ಈ ಕರೆಯಲ್ಲಿ ಮಾತಿರಲಿಲ್ಲ, ಉಸಿರಾಟ ಮಾತ್ರವಿತ್ತು).

ಪೀಠಿಕೆ:

ಪೊಲೀಸ್ ಸಂಘವು ಪ್ರತಿ ವರ್ಷ ಸೌಜನ್ಯ ಕಾರ್ಡುಗಳನ್ನು ಮುದ್ರಿಸಿ ಪ್ರತಿಯೊಬ್ಬ ಅಧಿಕಾರಿಗೂ ಇಪ್ಪತ್ತರಂತೆ ಹಂಚುತ್ತದೆ. ಅಧಿಕಾರಿಗಳು ಅವುಗಳ ಹಿಂಬದಿಯಲ್ಲಿ ಸಹಿ ಹಾಕಿ ಹೆಂಡತಿಗೆ, ಭಾವಮೈದುನನಿಗೆ, ಹಲ್ಲಿನ ವೈದ್ಯರಿಗೆ ಕೊಡುವುದು ರೂಢಿ. ಗಾಡಿ ತಡೆದಾಗ ಚಾಲಕನ ಲೈಸೆನ್ಸಿನ ಅಡಿಯಿಂದ ಸದರಿ ಕಾರ್ಡು ತಾನಾಗಿ ಜಾರಿ ಹೊರಬರುತ್ತದೆ. ಅದನ್ನು ನೋಡಿದ ಅಧಿಕಾರಿ "ನಿಧಾನ ಹೋಗಿ" ಎಂದು ಹರಸಿ ಕಳಿಸುತ್ತಾನೆ. ನಮ್ಮ ಊರಿನ ಶಾಂತಿ ಸುವ್ಯವಸ್ಥೆಯು ಇಷ್ಟರ ಮೇಲೆ ನಿಂತಿದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ, ದಿನಾಂಕ 08-10-2024ರ ಮಂಗಳವಾರ ಬೆಳಗ್ಗೆ 8.20ಕ್ಕೆ, ಫೆರ್ರಿ ಬೀದಿಯ ಶಾಲೆಯ ಮುಂದೆ, ಸದಸ್ಯರ ಸೋದರಳಿಯನಾದ ಶ್ರೀ ಕೋರಿ ರೆನ್ಜುಲ್ಲಿ (24) ಅವರ ಬಿಳಿ ಕಾರು ತನ್ನ ಪಾಡಿಗೆ ಸಾಗುತ್ತಿದ್ದಾಗ, ಮಕ್ಕಳನ್ನು ರಸ್ತೆ ದಾಟಿಸುವ ಶ್ರೀಮತಿ ಲೊರೇನ್ ಟಟ್ಲ್ (71) ಅವರ ಕೈಯಲ್ಲಿದ್ದ 'ನಿಲ್ಲಿ' ಫಲಕವು ಕಾರಿನ ಕನ್ನಡಿಗೆ ತಾಗಿರುತ್ತದೆ. ಫಲಕದ ಹಿಂದೆ ಕೈಯೂ, ಕೈಯ ಹಿಂದೆ ಶ್ರೀಮತಿ ಟಟ್ಲ್ ಅವರೂ ಇದ್ದುದರಿಂದ ಅವರ ಎಡ ಮಣಿಕಟ್ಟು ಮುರಿದಿರುತ್ತದೆ.

ಬೀದಿಯ ಮೂಲೆಯಲ್ಲಿ ಮೊಟ್ಟೆ-ಚೀಸ್ ಬನ್ನು ತಿನ್ನುತ್ತ ಕರ್ತವ್ಯದಲ್ಲಿದ್ದ ಅಧಿಕಾರಿ ವೊಯ್ಚಿಕ್ ಅವರು ಬನ್ನನ್ನು ಅರ್ಧಕ್ಕೇ ಬಿಟ್ಟು ಧಾವಿಸಿದ್ದಾರೆ. ಇವರು ನಗರ ಬಸ್ಸಿನ ಚಾಲಕನ ಮಗಳು. ಆರು ವರ್ಷದ ಸೇವೆ, ಸಾರ್ಜೆಂಟ್ ಬಡ್ತಿ ಪಟ್ಟಿಯಲ್ಲಿ ಎರಡನೆಯ ಹೆಸರು. ಇವರ ಬೀರುವನ್ನು ಪರಿಶೀಲಿಸಲಾಗಿ, ಆರು ವರ್ಷದ ನೂರಿಪ್ಪತ್ತು ಸೌಜನ್ಯ ಕಾರ್ಡುಗಳೂ ಕಟ್ಟು ಒಡೆಯದೆ ಹಾಗೆಯೇ ಸಿಕ್ಕಿವೆ. ಸ್ವಂತ ತಂದೆಗೂ ಒಂದು ಕಾರ್ಡು ಕೊಡದ ಮನಸ್ಸಿನಿಂದ ಇಲಾಖೆಯು ಏನನ್ನು ತಾನೇ ನಿರೀಕ್ಷಿಸಬಹುದು? ಇದಲ್ಲದೆ, ಶ್ರೀಮತಿ ಟಟ್ಲ್ ಅವರು ಹತ್ತು ವರ್ಷದ ಹುಡುಗಿಯಾಗಿದ್ದ ವೊಯ್ಚಿಕ್ ಅವರನ್ನು ಇದೇ ಬೀದಿಯಲ್ಲಿ ಕೈಹಿಡಿದು ದಾಟಿಸಿದ್ದು ತಿಳಿದುಬಂದಿದ್ದು, ಇದನ್ನು ಪಕ್ಷಪಾತವೆಂದು ಪರಿಗಣಿಸಲಾಗಿದೆ. ಸೋದರಳಿಯತನವನ್ನು ಹಾಗೆ ಪರಿಗಣಿಸಲಾಗಿಲ್ಲ.

ಸಿಬ್ಬಂದಿಯು ಹೇಗೆ ನಡೆದುಕೊಳ್ಳಬಾರದು ಎಂಬುದಕ್ಕೆ ಮಾದರಿಯಾಗಿ, ಸದರಿ ಅಧಿಕಾರಿಯ ಎದೆಯ ಕ್ಯಾಮೆರಾದಲ್ಲಿ ದಾಖಲಾದ ಮಾತುಗಳಲ್ಲಿ ಯೋಗ್ಯವಾದ ಎರಡು ಸಾಲನ್ನು ಮಾತ್ರ ಇಲ್ಲಿ ಸೇರಿಸಲು ಸೂಚಿಸಲಾಗಿತ್ತು. ಮೂವತ್ತೊಂದು ವರ್ಷದಿಂದ ಒಂದಕ್ಷರ ಬಿಡದೆ ಟೈಪ್ ಮಾಡುವ ಅಭ್ಯಾಸವಿರುವ ಶ್ರೀಮತಿ ಅಮರಾಲ್ ಅವರು ಉಲ್ಲೇಖ (1)ನ್ನು ತೋರಿಸಿ, ಇಡಿಯಾಗಿ ಟೈಪ್ ಮಾಡಿರುತ್ತಾರೆ:

ವೊಯ್ಚಿಕ್: ಲೈಸೆನ್ಸ್ ಕೊಡಿ.
ರೆನ್ಜುಲ್ಲಿ: ತಗೊಳ್ಳಿ ಆಫೀಸರ್. ಅದ್ರ ಕೆಳಗಿರೋದನ್ನೂ ಸ್ವಲ್ಪ ನೋಡಿ.
ವೊಯ್ಚಿಕ್: ಚಿನ್ನದ ಅಂಚು ಬೇರೆ. ನಾನು ಕೇಳಿದ್ದು ಲೈಸೆನ್ಸು, ಲಗ್ನಪತ್ರಿಕೆ ಅಲ್ಲ.
ರೆನ್ಜುಲ್ಲಿ: ಹಿಂದೆ ತಿರುಗ್ಸಿ ಮೇಡಂ. ಸಹಿ ಯಾರ್ದು?
ವೊಯ್ಚಿಕ್: ನಮ್ ಸಾಹೇಬ್ರದ್ದು.
ರೆನ್ಜುಲ್ಲಿ: ಹಾಂ, ಹಾಗ್ ಬನ್ನಿ ದಾರಿಗೆ. ನಂಬರೂ ಇದೆ. ಫೋನ್ ಮಾಡಿ.
ವೊಯ್ಚಿಕ್: ಮಾಡಾಯ್ತು. ಆಂಬುಲೆನ್ಸಿಗೆ.
ರೆನ್ಜುಲ್ಲಿ: ಅಯ್ಯೋ, ಆಂಬುಲೆನ್ಸ್ ಯಾಕ್ರೀ? ಅಜ್ಜಿ ಎದ್ದು ಕೂತಿದಾರಲ್ಲ, ಗುಂಡುಕಲ್ಲಿನ ಹಾಗೆ!
ಟಟ್ಲ್: ಯಾರೋ ನಿಂಗೆ ಅಜ್ಜಿ? ನಿನ್ನಂಥ ಮೊಮ್ಮಗ ಇದ್ದಿದ್ರೆ ನಾನಾಗೇ ಬಂದು ಕಾರಿಗೆ ಬೀಳ್ತಿದ್ದೆ.
ವೊಯ್ಚಿಕ್: ಮಿಸ್ ಲೊರೇನ್, ಕೈ ಅಲ್ಲಾಡಿಸ್ಬೇಡಿ.
ಟಟ್ಲ್: ಕೈ ಹಾಳಾಗ್ ಹೋಗ್ಲಿ ಕಣೇ ರೆನಾಟಾ, ನನ್ ಫಲಕ ಎಲ್ಲಿ ಬಿತ್ತು ನೋಡು. ಮಕ್ಳು ಇನ್ನೂ ಆ ಕಡೇನೇ ನಿಂತಿದಾವೆ.
ರೆನ್ಜುಲ್ಲಿ: ನಮ್ ಮಾವ ಯಾರು ಗೊತ್ತಾ ನಿಮ್ಗೆ?
ವೊಯ್ಚಿಕ್: ಗೊತ್ತಿಲ್ದೆ ಏನು? ಈ ಊರಿನ ಪೊಲೀಸ್ನೋರಿಗೆ ಕಾನೂನಿಗಿಂತ ಮೊದ್ಲು ಕಲಿಸೋದೇ ಅದನ್ನ.
ರೆನ್ಜುಲ್ಲಿ: ಗೊತ್ತಿದ್ದೂ ಏನ್ ಬರೀತಿದೀರಾ ಮತ್ತೆ?
ವೊಯ್ಚಿಕ್: ನಿಮ್ಮ ಹೆಸರು.
ರೆನ್ಜುಲ್ಲಿ: ಆಯ್ತು, ಬರ್ಕೊಳ್ಳಿ. ಕಾರ್ಡ್ ವಾಪಸ್ ಕೊಡಿ.
ವೊಯ್ಚಿಕ್: ಕೋರ್ಟಲ್ಲಿ ಇಸ್ಕೊಳ್ಳಿ.
(ಪಿನ್ ಹೊಡೆದ ಸದ್ದು.)

ಮೇಲ್ಕಂಡ ಸದ್ದಿನಿಂದ ಇಲಾಖೆಗೆ ಆಗಿರುವ ನೋವನ್ನು ಮಾತಿನಲ್ಲಿ ಹೇಳಲಾಗದು. ಕಾರ್ಡನ್ನು ದಂಡದ ಚೀಟಿಯ ನ್ಯಾಯಾಲಯ ಪ್ರತಿಗೆ ಲಗತ್ತಿಸಲಾಗಿದ್ದು, ಎರಡೂ ಈಗ ನ್ಯಾಯಾಲಯದ ಕಡತದಲ್ಲಿವೆ. ಆದ್ದರಿಂದ ಎಲ್ಲ ಸಿಬ್ಬಂದಿಗೆ ಈ ಕೆಳಗಿನಂತೆ ಸೂಚಿಸಲಾಗಿದೆ:

1. ಗಾಡಿಯನ್ನು ತಡೆದ ಅಧಿಕಾರಿಯು ಮೊದಲು ಕಾರ್ಡನ್ನು, ನಂತರ ಕಾರ್ಡಿನ ಹಿಂಬದಿಯನ್ನು, ನಂತರ ಲೈಸೆನ್ಸನ್ನು ನೋಡತಕ್ಕದ್ದು. ಸಮಯ ಉಳಿದಲ್ಲಿ ರಸ್ತೆಯಲ್ಲಿ ಬಿದ್ದಿರುವವರನ್ನು ನೋಡಬಹುದು.

2. ಚಿನ್ನದ ಅಂಚಿನ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿಯತಕ್ಕದ್ದು. ಅದನ್ನು ಮಡಚುವುದು, ಬಿಸಿಲಿಗೆ ಹಿಡಿದು ನೋಡುವುದು, ಅದರೆದುರು ನಗುವುದು ಅಪರಾಧ. ಪಿನ್ ಹೊಡೆಯುವ ಬಗ್ಗೆ ಹೇಳಬೇಕಾದ್ದೇ ಇಲ್ಲ. ಗಸ್ತಿನ ಕಾರುಗಳಲ್ಲಿರುವ ಎಲ್ಲ ಸ್ಟೇಪ್ಲರುಗಳನ್ನು ಇಂದು ಸಂಜೆಯೊಳಗೆ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು. ಅಲ್ಲಿ ಅವನ್ನು ಬಂದೂಕುಗಳ ಪಕ್ಕದಲ್ಲಿ ಬೀಗ ಹಾಕಿ ಇಡಲಾಗುವುದು.

3. ಕಾರ್ಡು ಇರುವ ಎರಡು ಗಾಡಿಗಳು ಒಂದಕ್ಕೊಂದು ಗುದ್ದಿದಲ್ಲಿ ತಪ್ಪು ಹತ್ತಿರದ ದೀಪದ ಕಂಬದ್ದು.

4. ಕಾರ್ಡು ಇಲ್ಲದವರಿಗೆ ಕಾನೂನು ಯಥಾಪ್ರಕಾರ ಅನ್ವಯಿಸುತ್ತದೆ. ಕಾರ್ಡು ಇರುವವರ ಮೇಲೆ ಖರ್ಚಾಗದೆ ಉಳಿದ ಕಾನೂನನ್ನೂ ಇವರ ಮೇಲೆಯೇ ಬಳಸತಕ್ಕದ್ದು; ವರ್ಷದ ಕೊನೆಗೆ ಊರಿನ ಒಟ್ಟು ಕಾನೂನು ಕಡಿಮೆಯಾಗಿ ಕಾಣಬಾರದು.

5. ಶ್ರೀ ರೆನ್ಜುಲ್ಲಿ ಅವರು ವಾರದ ಐದೂ ದಿನ ಬೆಳಗ್ಗೆ 8.15ರಿಂದ 8.30ರೊಳಗೆ ಫೆರ್ರಿ ಬೀದಿಯ ಮೂಲಕ ವ್ಯಾಯಾಮಶಾಲೆಗೆ ಹೋಗುವುದು ವಾಡಿಕೆಯಾಗಿರುವುದರಿಂದ, ಮಕ್ಕಳು ರಸ್ತೆ ದಾಟುವ ವೇಳೆಯನ್ನು 7.10ಕ್ಕೆ ಬದಲಿಸಲಾಗಿದೆ. ಶಾಲೆಯ ಬಾಗಿಲು ಎಂಟೂವರೆಗೆ ತೆರೆಯುವುದರಿಂದ ಮಕ್ಕಳು ಉಳಿದ ಹೊತ್ತು ಶಿಸ್ತಿನಿಂದ ಚಳಿಯಲ್ಲಿ ನಿಲ್ಲತಕ್ಕದ್ದು. ಶ್ರೀ ರೆನ್ಜುಲ್ಲಿ ಅವರಿಗೆ ನೆಗಡಿಯಾದ ದಿನ ಹಳೆಯ ವೇಳೆಯೇ ಇರುತ್ತದೆ. ನೆಗಡಿಯ ಸುದ್ದಿಯನ್ನು ಶಾಲೆಯ ಫಲಕದಲ್ಲಿ ಬರೆಯಲಾಗುವುದು.

6. ಎದೆಯ ಕ್ಯಾಮೆರಾಗಳು ತಾವಾಗಿ ಕಣ್ಣು ಮುಚ್ಚುವುದನ್ನು ಕಲಿಯುವವರೆಗೆ, ಕಾರ್ಡು ಕಂಡ ಕೂಡಲೇ ಅಧಿಕಾರಿಯು ಸಮೀಪದ ಮರದ ಕಡೆ ತಿರುಗತಕ್ಕದ್ದು. ಈ ಋತುವಿನಲ್ಲಿ ಎಲೆಗಳ ಬಣ್ಣ ಚೆನ್ನಾಗಿರುತ್ತದೆ.

7. 'ರಾಜಕೀಯ ಹಸ್ತಕ್ಷೇಪ' ಎಂಬ ಮಾತನ್ನು ಠಾಣೆಯಲ್ಲಿ ಬಳಸಬಾರದು. ಸದಸ್ಯರ ಕರೆಯು ಮೂರು ನಿಮಿಷಕ್ಕಿಂತ ಕಡಿಮೆಯಿದ್ದಲ್ಲಿ ಅದು ಸಲಹೆ, ಹೆಚ್ಚಿದ್ದಲ್ಲಿ ಮಾರ್ಗದರ್ಶನ. ಉಸಿರಾಟ ಮಾತ್ರವಿದ್ದಲ್ಲಿ ಅದು ಆದೇಶ. ಸಾರ್ಜೆಂಟ್ ಬಡ್ತಿಯ ಪಟ್ಟಿಗೆ ಒಪ್ಪಿಗೆ ಕೊಡುವುದು ಸದಸ್ಯರ ಸಮಿತಿಯೇ ಎಂಬುದನ್ನು ಇಲ್ಲಿ ನೆನಪಿಸಿರುವುದಕ್ಕೆ ಯಾವ ಕಾರಣವೂ ಇಲ್ಲ. ಪಟ್ಟಿಯಲ್ಲಿ ಈಗ ಎರಡನೆಯ ಹೆಸರಿಲ್ಲ. ಒಂದರ ನಂತರ ಮೂರು ಬರುತ್ತದೆ.

8. ಮುಖ್ಯಸ್ಥರು ಸ್ವತಃ ಎರಡು ಬಾರಿ ನ್ಯಾಯಾಲಯದ ಕಿಟಕಿಗೆ ಹೋಗಿ, ತಮ್ಮ ಸಹಿಯಿರುವ ಕಾರ್ಡನ್ನು ಹಿಂದಕ್ಕೆ ಕೇಳಿರುತ್ತಾರೆ. ಕಾರಣವನ್ನು ಅರ್ಜಿಯಲ್ಲಿ ಬರೆದುಕೊಡುವಂತೆ ಗುಮಾಸ್ತರು ತಿಳಿಸಿರುತ್ತಾರೆ. ಕಾರಣವು ಬರೆಯುವಂಥದ್ದಾಗಿರಲಿಲ್ಲ. ಒಮ್ಮೆ ಬರೆದ ದಂಡದ ಚೀಟಿಯನ್ನು ನ್ಯಾಯಾಧೀಶರ ಹೊರತು ಯಾರೂ ರದ್ದುಪಡಿಸುವಂತಿಲ್ಲ ಎಂಬ ಹಳೆಯ ಕಾಲದ ನಿಯಮವೂ ಅಡ್ಡ ಬಂದಿದೆ. ಆದರೆ ಚೀಟಿ ಬರೆದ ಅಧಿಕಾರಿಯು ವಿಚಾರಣೆಗೆ ಬಾರದಿದ್ದಲ್ಲಿ ಪ್ರಕರಣವು ತಾನಾಗಿ ಬಿದ್ದುಹೋಗಿ, ಕಡತವು ಮುಚ್ಚುತ್ತದೆ. ಹೀಗಾಗಿ ಅಧಿಕಾರಿ ವೊಯ್ಚಿಕ್ ಅವರನ್ನು ದಿನಾಂಕ 22-10-2024ರ ಮಂಗಳವಾರ ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ನದಿ ಉದ್ಯಾನದ ಬಾತುಕೋಳಿಗಳನ್ನು ಎಣಿಸುವ ಕೆಲಸಕ್ಕೆ ನಿಯೋಜಿಸಲಾಗಿದೆ. ಬಾತುಕೋಳಿಗಳು ಓಡಾಡುವುದರಿಂದ ಎಣಿಕೆ ಮುಗಿಯುವ ಸಂಭವವಿಲ್ಲ.

9. ಸದರಿ ನಿಯೋಜನೆಯನ್ನು ಸೋಮವಾರ, ಬುಧವಾರ ಮತ್ತು ನಿನ್ನೆ ಬಾಯಿಮಾತಿನಲ್ಲಿ ತಿಳಿಸಲಾಗಿತ್ತು. ಸದರಿ ಅಧಿಕಾರಿಯು ಕೋಪಿಸಿಕೊಳ್ಳದೆ, ವಾದಿಸದೆ, ಮೂರು ಬಾರಿಯೂ "ಆಗ್ಲಿ ಸಾರ್, ಬರೆದು ಕೊಡಿ" ಎಂದಷ್ಟೇ ಕೋರಿರುತ್ತಾರೆ. ಇಷ್ಟು ಸಣ್ಣ ಕೋರಿಕೆಯನ್ನು ಈಡೇರಿಸುವಲ್ಲಿ ಇಲಾಖೆಗೆ ಯಾವ ಅಪಾಯವೂ ಕಂಡುಬಂದಿಲ್ಲ. ಈ ಸುತ್ತೋಲೆಯನ್ನೇ ಬರಹದ ಆದೇಶವೆಂದು ಭಾವಿಸತಕ್ಕದ್ದು.

10. ಈ ಸುತ್ತೋಲೆಯು ಯಾವ ಕಾರಣಕ್ಕೂ ನ್ಯಾಯಾಲಯದ ಕಣ್ಣಿಗೆ ಬೀಳಬಾರದು.

ಸಹಿ/-
ವಾಲ್ಟರ್ ಹೀನಿ
ಪೊಲೀಸ್ ಮುಖ್ಯಸ್ಥರು, ಹಾರ್ಲೋ ಫಾಲ್ಸ್
(ಈ ಸಹಿಯನ್ನು ಇತರೆಡೆ ಇರುವ ಯಾವುದೇ ಸಹಿಯೊಂದಿಗೆ ಹೋಲಿಸಬಾರದು.)

ಪ್ರತಿಗಳು:

1. ಸೂಚನಾ ಫಲಕ, ಕಾಫಿ ಯಂತ್ರದ ಪಕ್ಕ.

2. ಸದಸ್ಯ ಪಾಂಡೊಲ್ಫೊ ಅವರಿಗೆ, ಅವಗಾಹನೆಗಾಗಿ. ಕರಡು ಅವರದ್ದೇ ಆಗಿರುವುದರಿಂದ ಅಭಿನಂದನೆಗಳೊಂದಿಗೆ.

3. ಶ್ರೀ ಕೋರಿ ರೆನ್ಜುಲ್ಲಿ ಅವರಿಗೆ. ಹಳೆಯದರ ಬದಲಿಗೆ ಹೊಸ ಚಿನ್ನದ ಕಾರ್ಡು ಲಗತ್ತಿಸಿದೆ (ಪಿನ್ ಇಲ್ಲದೆ).

4. ಶ್ರೀಮತಿ ಲೊರೇನ್ ಟಟ್ಲ್ ಅವರಿಗೆ, ಅವರ ಮಗಳ ಮನೆಯ ವಿಳಾಸಕ್ಕೆ. ಇಲಾಖೆಯ ಅನುಕಂಪದ ದ್ಯೋತಕವಾಗಿ ಒಂದು ಸಾಮಾನ್ಯ ನೀಲಿ ಸೌಜನ್ಯ ಕಾರ್ಡನ್ನು ಕಳಿಸಲಾಗಿದೆ. ಮುಂದಿನ ಬಾರಿ ಗಾಡಿ ಮೈಮೇಲೆ ಬಂದಾಗ ಇದನ್ನು ಬಲಗೈಯಲ್ಲಿ ಹಿಡಿದು ತೋರಿಸತಕ್ಕದ್ದು.

5. ಅಧಿಕಾರಿ ರೆನಾಟಾ ವೊಯ್ಚಿಕ್ ಅವರಿಗೆ, ಅವರೇ ಕೋರಿದಂತೆ, ಬರಹದಲ್ಲಿ. ಎರಡು ಬಾರಿ ಓದಿ, ಸಹಿ ಮಾಡಿ, ದಾಖಲೆ ವಿಭಾಗದ ಮೇಜಿನ ಮೇಲೆ ಒಂದು ಮೊಟ್ಟೆ-ಚೀಸ್ ಬನ್ನು ಇಟ್ಟು ಹೋಗಿರುತ್ತಾರೆ. ಬನ್ನಿನ ಉದ್ದೇಶದ ಬಗ್ಗೆ ವಿಚಾರಣೆ ನಡೆದಿದೆ.

6. ನಗರ ನ್ಯಾಯಾಲಯದ ಗುಮಾಸ್ತರಿಗೆ: ವಿಚಾರಣೆಯಲ್ಲಿರುವ ಪ್ರಕರಣಕ್ಕೆ ಸಂಬಂಧಿಸಿದ ಇಲಾಖೆಯ ಪ್ರತಿಯೊಂದು ಬರಹವನ್ನೂ ಅದೇ ದಿನ ಕೈಯಾರೆ ತಲುಪಿಸತಕ್ಕದ್ದು ಎಂಬ ಸ್ಥಾಯಿ ಆದೇಶ 4ರ ಪ್ರಕಾರ. ತಲುಪಿಸಲಾಗಿದೆ. ನ್ಯಾಯಾಲಯದ ಮುದ್ರೆ: 18-10-2024, ಮಧ್ಯಾಹ್ನ 3.50. ಟೈಪ್ ಮಾಡಿದವರು: ಡಿ. ಅಮರಾಲ್.